ಹೂವಿನ ಬೆನ್ನು ನೋಡಿ: ಹಿಮಾಲಯದ ಬುಗ್ಯಾಲುಗಳಲ್ಲಿ ಒಂದೇ ಥರ ಕಾಣುವ ಹೂಗಳನ್ನು ಗುರುತಿಸುವುದು ಹೇಗೆ

ವ್ಯಾಲಿ ಆಫ್ ಫ್ಲವರ್ಸ್‌ಗೆ ಹೋಗಿಬಂದವರ ಫೋನಿನಲ್ಲಿ ನೂರಾರು ಹೂವಿನ ಫೋಟೊಗಳಿರುತ್ತವೆ. ಹೆಸರು ಗೊತ್ತಿರುವುದು ಮೂರಕ್ಕೋ ನಾಲ್ಕಕ್ಕೋ. ಆ ಫೋಟೊಗಳನ್ನು ತೆರೆದು ನೋಡಿದರೆ ಕಾರಣ ಅಲ್ಲೇ ಇದೆ: ಎಲ್ಲವನ್ನೂ ಮೇಲಿನಿಂದ, ಹೂವಿನ ಮುಖಕ್ಕೆ ನೇರವಾಗಿ ಹಿಡಿದು ತೆಗೆದಿರುತ್ತಾರೆ. ಆ ಕಣಿವೆಯಲ್ಲಿ ಐದೆಸಳಿನ ಹಳದಿ ಹೂವು ಬಿಡುವ ಗಿಡಗಳೇ ನಾಲ್ಕಾರು ಬಗೆ. ಮುಖ ನೋಡಿದರೆ ಎಲ್ಲವೂ ಅಕ್ಕತಂಗಿಯರು. ಬೆನ್ನು ತಿರುಗಿಸಿದರೆ ಮಾತ್ರ ಯಾರು ಯಾವ ಮನೆಯವರು ಎಂದು ಗೊತ್ತಾಗುತ್ತದೆ.

ಇಲ್ಲಿ ಹೇಳುವುದು ಪಶ್ಚಿಮ ಹಿಮಾಲಯದಲ್ಲಿ ಮರಗಳು ಮುಗಿದ ಮೇಲೆ ಸಿಗುವ ಹುಲ್ಲುಗಾವಲು, ಅಂದರೆ ಗಢವಾಲದವರು ಬುಗ್ಯಾಲ್ ಎನ್ನುವ ಜಾಗದ ಹೂಗಳ ಬಗ್ಗೆ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಹೂಕಣಿವೆ (ವ್ಯಾಲಿ ಆಫ್ ಫ್ಲವರ್ಸ್) ಮತ್ತು ಅದರ ಪಕ್ಕದ ಸಿಖ್ಖರ ಯಾತ್ರಾಸ್ಥಳ ಹೇಮಕುಂಡದ ದಾರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ, ಏಕೆಂದರೆ ನಮ್ಮ ಕಡೆಯಿಂದ ಹೋಗುವವರು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಹೂಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದು ಹೂವನ್ನೂ ಕೀಳುವಂತಿಲ್ಲ. ಹಾಗಾಗಿ ಕೆಳಗಿನ ಎಲ್ಲ ಪರೀಕ್ಷೆಗಳೂ ಗಿಡವನ್ನು ಇದ್ದಲ್ಲೇ ಬಿಟ್ಟು ಮಾಡುವಂಥವು.

ಯಾವಾಗ, ಏನು ಹಿಡಿದು

ಜೂನ್ ತಿಂಗಳಲ್ಲಿ ಹಿಮ ಕರಗಿದ ಅಂಚಿನಲ್ಲಿ ಪ್ರಿಮ್ಯುಲಾ, ಅನೆಮೋನ್, ಕ್ಯಾಲ್ತಾ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಅತಿ ಹೆಚ್ಚು ಬಗೆ. ಆಗಸ್ಟ್ ಕೊನೆಗೆ ಎತ್ತರದ ಗುಲಾಬಿ ಕರ್ಣಕುಂಡಲ, ಬಿಳಿ ಪಾಲಿಗೋನಮ್ ಸೇರಿ ಕಣಿವೆಯ ತಳವನ್ನೇ ಮುಚ್ಚಿಬಿಡುತ್ತವೆ. ಸೆಪ್ಟೆಂಬರ್‌ನಲ್ಲಿ ಜೆಂಟಿಯನ್ನುಗಳು, ಜೊತೆಗೆ ಬೀಜ, ಕಾಯಿ. ಗುರುತಿಸುವ ಆಸೆ ಇದ್ದವರಿಗೆ ಸೆಪ್ಟೆಂಬರ್ ಮೊದಲ ವಾರ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ. ಫೋಟೊಗೆ ಕಣಿವೆ ಸ್ವಲ್ಪ ಬಡವಾಗಿ ಕಂಡರೂ ಹೂವು, ಕಾಯಿ ಎರಡೂ ಒಂದೇ ಗಿಡದಲ್ಲಿ ಸಿಗುತ್ತವೆ. ಕಣಿವೆಗೆ ಹತ್ತಿರದ ತಂಗುವ ಊರಾದ ಘಾಂಗರಿಯಾದಲ್ಲಿ ಕನಿಷ್ಠ ಮೂರು ರಾತ್ರಿ ಇರಿ. ಕಣಿವೆಯೊಳಗೆ ಉಳಿಯಲು ಬಿಡುವುದಿಲ್ಲ, ಸಂಜೆಗೆ ಹೊರಬರಬೇಕು. ಒಂದೇ ದಿನದಲ್ಲಿ ನಡೆದು, ನೋಡಿ, ಬರೆದು ಮುಗಿಸುವುದು ಆಗದ ಮಾತು.

ಜೇಬಿನಲ್ಲಿ ಹತ್ತು ಪಟ್ಟು ಹಿಗ್ಗಿಸುವ ಮಡಚುವ ಮಸೂರ, ಶಾಲೆಯ 15 ಸೆಂ.ಮೀ. ಸ್ಕೇಲು, ಪೆನ್ಸಿಲು, ಪುಸ್ತಕ ಇರಲಿ. ಪೆನ್ನು ಬೇಡ, ಮಳೆಗೆ ಶಾಯಿ ಹರಡುತ್ತದೆ. ಇವಕ್ಕಿಂತ ಮುಖ್ಯವಾದ ಸಾಮಾನು ಅಂಗೈಗಿಂತ ಚಿಕ್ಕ ಒಂದು ದುಂಡು ಕನ್ನಡಿ. ಹೂವಿನ ಕೆಳಗೆ ಕನ್ನಡಿ ಹಿಡಿದರೆ ದಂಟು ಬಗ್ಗಿಸದೆ ಬೆನ್ನು ಕಾಣುತ್ತದೆ. ಕನ್ನಡಿ ಮರೆತಿದ್ದರೆ ಫೋನನ್ನು ಸೆಲ್ಫಿಗೆ ತಿರುಗಿಸಿ ಹೂವಿನಡಿ ಜಾರಿಸಿ, ಕೆಲಸ ನಡೆಯುತ್ತದೆ.

ಮಸೂರವನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ನೋಡುವುದು ಎಲ್ಲರೂ ಮಾಡುವ ತಪ್ಪು. ಮಸೂರ ಕಣ್ಣಿಗೆ ತಾಗುವಂತಿರಬೇಕು. ಹತ್ತು ಪಟ್ಟಿನದಾದರೆ ಹೂವು ಅದರಿಂದ ಎರಡೂವರೆ ಸೆಂ.ಮೀ. ದೂರದಲ್ಲಿರಬೇಕು. ಕಿತ್ತು ತರುವಂತಿಲ್ಲವಾದ್ದರಿಂದ ಮಂಡಿಯೂರಲೇಬೇಕು, ಅದೂ ಕಾಲುದಾರಿಯ ಅಂಚಿನಲ್ಲೇ. ಇಳಿಜಾರಿಗೆ ಇಳಿಯಬೇಡಿ. ಈ ಕಣಿವೆಯಲ್ಲೇ ಸಮಾಧಿಯಾಗಿರುವ ಸಸ್ಯ ಸಂಗ್ರಾಹಕಿ ಜೋನ್ ಮಾರ್ಗರೆಟ್ ಲೆಗ್ 1939ರಲ್ಲಿ ತೀರಿಕೊಂಡದ್ದು ಗಿಡ ಸಂಗ್ರಹಿಸುತ್ತಾ ಜಾರಿ ಬಿದ್ದು.

ಒಂದು ಗಿಡಕ್ಕೆ ಆರು ಫೋಟೊ: ಇಡೀ ಗಿಡ, ಹೂವಿನ ಮುಖ, ಪಕ್ಕ, ಬೆನ್ನು, ದಂಟಿನ ನಡುವಿನ ಎಲೆ ಅದರ ತೊಟ್ಟು ಸಮೇತ, ಬುಡದ ಎಲೆ. ಕಾಯಿ ಇದ್ದರೆ ಏಳನೆಯದು. ಬಿಳಿ ಹೂವಾದರೆ ಬೆಳಕನ್ನು ಒಂದು ಹಂತ ಕಡಿಮೆ ಮಾಡಿ, ಇಲ್ಲವಾದರೆ ಎಸಳು ಸುಣ್ಣ ಬಳಿದಂತೆ ಬಂದು ನರಗಳೇ ಕಾಣುವುದಿಲ್ಲ. ನೀಲಿಯನ್ನು ಫೋನು ಸಾಮಾನ್ಯವಾಗಿ ನೇರಳೆ ಮಾಡಿಬಿಡುತ್ತದೆ. ಅದಕ್ಕೆ ಕಣ್ಣಿಗೆ ಕಂಡ ಬಣ್ಣವನ್ನು ಪುಸ್ತಕದಲ್ಲಿ ಮಾತಿನಲ್ಲೇ ಬರೆಯಿರಿ: "ಶಂಖಪುಷ್ಪದ ನೀಲಿ", "ಬದನೆಕಾಯಿ ಬಣ್ಣ", ಹೀಗೆ. ಎತ್ತರ, ಜಾಗ ಕೂಡ ಬರೆಯಿರಿ. ಜೌಗು ನೆಲವೋ, ಬಂಡೆಯ ಸಂದೋ, ಹುಲ್ಲಿನ ನಡುವೋ ಎನ್ನುವುದೇ ಎಷ್ಟೋ ಸಲ ಅರ್ಧ ಉತ್ತರ ಕೊಡುತ್ತದೆ.

ಹಳದಿಯ ಗೊಂದಲ

ಇಲ್ಲಿ ನಿಧಾನವಾಗಿ ಹೋಗೋಣ. ಹೆಚ್ಚು ತಪ್ಪಾಗುವುದು ಇಲ್ಲಿಯೇ, ಕಲಿತರೆ ಹೆಚ್ಚು ಉಪಯೋಗವೂ ಇಲ್ಲಿಯೇ.

ಕನ್ನಡಿಯನ್ನು ಹೂವಿನ ಕೆಳಗೆ ಹಿಡಿಯಿರಿ. ಮೊದಲ ಪ್ರಶ್ನೆ: ಹಳದಿ ಎಸಳುಗಳ ಹಿಂದೆ ಹಸಿರು ಬಟ್ಟಲು, ಸಸ್ಯಶಾಸ್ತ್ರದವರು ಪುಷ್ಪಪಾತ್ರೆ ಎನ್ನುವುದು, ಇದೆಯೇ?

ಇಲ್ಲ, ಹಳದಿ ಎಸಳು ನೇರವಾಗಿ ತೊಟ್ಟಿನಿಂದಲೇ ಹೊರಟಿದೆ ಎಂದಾದರೆ ಅದು ಕ್ಯಾಲ್ತಾ ಅಥವಾ ಟ್ರೋಲಿಯಸ್. ಇವುಗಳಲ್ಲಿ ಎಸಳಿನ ಕೆಲಸ ಮಾಡುತ್ತಿರುವುದು ಪುಷ್ಪಪಾತ್ರೆಯೇ. ಎರಡನ್ನೂ ಬೇರೆ ಮಾಡಲು ಎಲೆ ಸಾಕು. ಕ್ಯಾಲ್ತಾ ಎಲೆ ಒಂದೆಲಗದ ಹಾಗೆ ದುಂಡಗೆ, ಸೀಳಿಲ್ಲದೆ ಇರುತ್ತದೆ, ಆದರೆ ಅದಕ್ಕಿಂತ ದೊಡ್ಡದು, ಮತ್ತು ಗಿಡ ನೀರು ಹರಿಯುವ ಜಾಗದಲ್ಲೇ ಇರುತ್ತದೆ. ಟ್ರೋಲಿಯಸ್ ಅಕಾಲಿಸ್ ನೆಲಕ್ಕೆ ಅಂಟಿದ ಗಿಡ, ಎಲೆ ಅಂಗೈ ಬೆರಳಿನಂತೆ ಆಳವಾಗಿ ಸೀಳಿರುತ್ತದೆ. ಹಿಮಾಲಯದ ಕ್ಯಾಲ್ತಾದಲ್ಲಿ ಬಿಳಿ ಹೂವಿನದೂ ಇದೆ. ಬಣ್ಣ ನಂಬಬೇಡಿ ಎನ್ನಲು ಇದು ಮೊದಲ ಸಾಕ್ಷಿ.

ಐದು ಹಸಿರು ಪಟ್ಟಿಗಳ ಬಟ್ಟಲು ಇದೆ, ಒಂದೇ ಸುತ್ತು. ಎಸಳಿನ ಒಳಮೈ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಮಸೂರ ಹಿಡಿದರೆ ಪ್ರತಿ ಎಸಳಿನ ಬುಡದಲ್ಲಿ ಮಕರಂದದ ಪುಟ್ಟ ಗುಳಿ ಕಾಣುತ್ತದೆ. ಇದು ರನನ್‌ಕ್ಯುಲಸ್. ಹೊಳಪು ಮಳೆಯಲ್ಲಿ ಮೋಸ ಮಾಡುತ್ತದೆ, ಒದ್ದೆಯಾದರೆ ಯಾವ ಎಸಳೂ ಹೊಳೆಯುತ್ತದೆ. ಹಾಗಾಗಿ ಗುಳಿಯನ್ನು ನೋಡಿಯೇ ತೀರ್ಮಾನಿಸಿ.

ಬಟ್ಟಲಿನಲ್ಲಿ ಹತ್ತು ಪಟ್ಟಿಗಳಿವೆ, ಐದು ಅಗಲ, ಅವುಗಳ ನಡುನಡುವೆ ಐದು ಕಿರಿದು ಎಂದಾದರೆ ಗುಲಾಬಿ ಕುಟುಂಬಕ್ಕೆ ಬಂದಿರಿ. ಅದು ಪೊಟೆಂಟಿಲ್ಲಾ ಅಥವಾ ಜಿಯಮ್. ಈಗ ಬುಡದ ಎಲೆಗೆ ಹೋಗಿ. ಸ್ಟ್ರಾಬೆರಿ ಎಲೆಯ ಹಾಗೆ ಮೂರು ಕಿರುಎಲೆಗಳು, ಮಗುಚಿದರೆ ಅಡಿಯಲ್ಲಿ ಬೆಳ್ಳಿಯಂಥ ಬಿಳಿ ರೋಮ ಇದ್ದರೆ ಪೊಟೆಂಟಿಲ್ಲಾ ಅಟ್ರೊಸ್ಯಾಂಗ್ವಿನಿಯಾ. ನಡುನರದ ಎರಡೂ ಕಡೆ ಸಾಲಾಗಿ ಹತ್ತಾರು ಚಿಕ್ಕ ದೊಡ್ಡ ಕಿರುಎಲೆಗಳು, ಜರಿಗಿಡದ ಪಟ್ಟಿಯ ಹಾಗೆ ಇದ್ದರೆ ಜಿಯಮ್ ಇಲೇಟಮ್ ಎನ್ನಬಹುದು. ಆದರೆ ಕೆಲವು ಪೊಟೆಂಟಿಲ್ಲಾಗಳಲ್ಲೂ ಸಾಲು ಕಿರುಎಲೆಗಳಿವೆ. ಅಂಥಲ್ಲಿ ಎಸಳು ಉದುರಿದ ಹೂವೊಂದನ್ನು ಹುಡುಕಿ. ಜಿಯಮ್‌ನಲ್ಲಿ ಪ್ರತಿ ಬೀಜದ ತುದಿಗೆ ದಾರದಂಥ ಎಳೆ ಅಂಟಿಕೊಂಡೇ ಉಳಿಯುತ್ತದೆ. ಪೊಟೆಂಟಿಲ್ಲಾದಲ್ಲಿ ಅದು ಉದುರಿ ಹೋಗಿ ಬೀಜಗಳು ಬೋಳಾಗಿರುತ್ತವೆ.

ಇನ್ನೊಂದು ಬಲೆ ಇದೆ. ಪೊಟೆಂಟಿಲ್ಲಾ ಅಟ್ರೊಸ್ಯಾಂಗ್ವಿನಿಯಾ ಹಳದಿಯಲ್ಲೂ ಬರುತ್ತದೆ, ಕಡುಗೆಂಪಿನಲ್ಲೂ ಬರುತ್ತದೆ. ಹಳದಿಯದನ್ನು ಹಿಂದೆ ಆರ್ಗಿರೊಫಿಲ್ಲಾ ಎಂದು ಬೇರೆ ಪ್ರಭೇದವಾಗಿ ಎಣಿಸುತ್ತಿದ್ದರು, ಹಳೆಯ ಕೈಪಿಡಿಗಳಲ್ಲಿ ಹಾಗೇ ಇದೆ. ಇದಕ್ಕೆ ತದ್ವಿರುದ್ಧವಾಗಿ, ಕೆಳಗಿನ ಕಾಡಂಚಿನ ದಾರಿಯಲ್ಲಿ ಕಾಣುವ ಕೆಂಪು ಪೊಟೆಂಟಿಲ್ಲಾ ನೇಪಾಲೆನ್ಸಿಸ್ ಮುಖದಲ್ಲಿ ಇದರ ಅವಳಿಯಂತಿದ್ದರೂ ಬೇರೆಯೇ ಪ್ರಭೇದ. ಅದರ ಕೆಳಗಿನ ಎಲೆಯಲ್ಲಿ ಐದು ಕಿರುಎಲೆ, ಅಡಿಭಾಗವೂ ಹಸಿರು. ಎಲೆ ಮಗುಚುವ ಎರಡು ಸೆಕೆಂಡಿನ ಕೆಲಸದಲ್ಲಿ ತಗಾದೆ ಮುಗಿಯುತ್ತದೆ.

ಬಿಳಿ ಹೂಗಳಿಗೂ ಇದೇ ಕ್ರಮ. ಬೆನ್ನಲ್ಲಿ ಹಸಿರು ಬಟ್ಟಲಿಲ್ಲದಿದ್ದರೆ ಅನೆಮೋನ್ ಎಂದು ಶುರು ಮಾಡಿ. ಉದ್ದ ದಂಟು, ಎಸಳಿನ ಹಿಂಬದಿಗೆ ನೀಲಿ ಛಾಯೆ ಇದ್ದರೆ ಅನೆಮೋನ್ ರಿವ್ಯುಲಾರಿಸ್. ಗಿಡ್ಡನೆಯ, ರೋಮಭರಿತ ಗಿಡವಾಗಿದ್ದು, ಪಕ್ಕದಲ್ಲೇ ಅದೇ ಎಲೆಯ ನೀಲಿ ಹೂವಿನ ಗಿಡವೂ ಇದ್ದರೆ ಅನೆಮೋನ್ ಆಬ್ಟುಸಿಲೋಬಾ. ನೀಲಿ, ಬಿಳಿ ಎರಡೂ ಅದೇ ಪ್ರಭೇದ, ಎರಡು ಹೆಸರು ಹುಡುಕಲು ಹೋಗಬೇಡಿ.

ಮಂಗನ ಟೋಪಿಯೋ, ಬಾಲವೋ

ಗೊನೆಯಾಗಿ ನಿಂತ ನೀಲಿ–ನೇರಳೆ ಹೂಗಳು ಡೆಲ್ಫಿನಿಯಮ್ ಇರಬಹುದು, ಅಕೋನಿಟಮ್ ಇರಬಹುದು. ಪಕ್ಕದಿಂದ ನೋಡಿ. ಮೇಲಿನ ಎಸಳು ಮಂಗನ ಟೋಪಿಯ ಹಾಗೆ ಮುಂದಕ್ಕೆ ಬಾಗಿ ತಲೆ ಮುಚ್ಚಿದ್ದರೆ ಅಕೋನಿಟಮ್. ಟೋಪಿಯಿಲ್ಲದೆ, ಮೇಲಿನ ಎಸಳಿನಿಂದ ಹಿಂದಕ್ಕೆ ಟೊಳ್ಳು ಬಾಲವೊಂದು ಚಾಚಿದ್ದರೆ ಡೆಲ್ಫಿನಿಯಮ್. ಮೊಗ್ಗಿನಲ್ಲೇ ಇದು ಗೊತ್ತಾಗುತ್ತದೆ, ಡೆಲ್ಫಿನಿಯಮ್ ಮೊಗ್ಗಿಗೂ ಬಾಲ ಇರುತ್ತದೆ.

ಅಕೋನಿಟಮ್‌ಗಳ ಒಳಗೆ ನಮ್ಮವರಿಗೆ ಕುತೂಹಲ ಹುಟ್ಟಿಸುವುದು ಅಕೋನಿಟಮ್ ಹೆಟೆರೊಫಿಲಮ್, ಆಯುರ್ವೇದದ ಅತಿವಿಷ. ಗ್ರಂಥಿಗೆ ಅಂಗಡಿಯಲ್ಲಿ ಅತಿಬಜೆ ಎಂದು ಕೊಡುವುದು ಇದರ ಬೇರನ್ನೇ. ಬೇರಿಗಾಗಿ ಅಗೆದು ಅಗೆದು ಗಿಡ ಅಪಾಯದ ಅಂಚಿಗೆ ಬಂದಿದೆ. ಗುರುತು ದಂಟಿನ ಮೇಲಿನ ಎಲೆಯಲ್ಲಿದೆ: ತೊಟ್ಟಿಲ್ಲ, ಎಲೆಯ ಬುಡ ದಂಟನ್ನು ಎರಡೂ ಕಡೆಯಿಂದ ಅಪ್ಪಿಕೊಂಡಿದೆ, ಅಂಚಿನಲ್ಲಿ ಹಲ್ಲುಗಳಿವೆ, ಆಳದ ಸೀಳಿಲ್ಲ. ಹೂವು ಮಾಸಲು ಹಸಿರು–ನೀಲಿ, ಅದರ ಮೇಲೆ ನೇರಳೆ ನರಗಳು. ಅಕೋನಿಟಮ್ ವಯೊಲೇಸಿಯಮ್‌ನ ಎಲೆಯಾದರೆ ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿರುತ್ತದೆ, ದಂಟನ್ನು ಅಪ್ಪುವುದಿಲ್ಲ.

ಗುರುತು ಸಿಕ್ಕಿತೆಂದು ಮೂಸಿ, ಚಿವುಟಿ, ನಾಲಿಗೆಗೆ ಹಚ್ಚುವ ಚಪಲ ಬೇಡ. ವತ್ಸನಾಭಿಯೂ ಅಕೋನಿಟಮ್ ಜಾತಿಯದೇ, ಅದರ ವಿಷ ನೇರ ಹೃದಯಕ್ಕೆ ಹೋಗುತ್ತದೆ. ಅಂಥ ಪ್ರಭೇದಗಳು ಇದೇ ಇಳಿಜಾರಿನಲ್ಲಿ ಪಕ್ಕಪಕ್ಕ ಬೆಳೆಯಬಲ್ಲವು. ಎಲೆ ಮಗುಚಿ ನೋಡಿದ ಕೈಯಲ್ಲಿ ಬಿಸ್ಕತ್ತು ತಿನ್ನಬೇಡಿ, ಮೊದಲು ತೊಳೆಯಿರಿ.

ನೀಲಿ ಗಂಟೆಗಳು

ಹುಲ್ಲಿನ ನಡುವೆ ನೆಲಮಟ್ಟದಲ್ಲಿ ನೀಲಿ ಬಟ್ಟಲು ಕಂಡರೆ ಹತ್ತರಲ್ಲಿ ಒಂಬತ್ತು ಜನ ಜೆಂಟಿಯನ್ ಎನ್ನುತ್ತಾರೆ. ಎಸಳುಗಳ ಸಂದು ನೋಡಿ. ಎರಡು ದೊಡ್ಡ ಎಸಳಿನ ನಡುವೆ ಸೀರೆಯ ನೆರಿಗೆಯ ಹಾಗೆ ಮಡಿಕೆ, ಅದರ ತುದಿಯಲ್ಲಿ ಪುಟ್ಟ ಹಲ್ಲು ಇದ್ದರೆ ಜೆಂಟಿಯಾನಾ. ನೆರಿಗೆ ಇಲ್ಲದಿದ್ದರೆ ಜೆಂಟಿಯಾನೆಲ್ಲಾ. ಎಸಳುಗಳು ಬುಡದವರೆಗೂ ಬಿಡಿಬಿಡಿಯಾಗಿ, ನಕ್ಷತ್ರದಂತೆ ಬಿರಿದು, ಎಸಳಿನ ಮೇಲೇ ಮಕರಂದದ ಗುಳಿ ಕಂಡರೆ ಸ್ವೆರ್ಟಿಯಾ. ಮೂರರಲ್ಲೂ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು.

ಎಲೆ ಒಂದೊಂದೇ ಹೊರಟು, ತುದಿ ಹಾಲೆಹಾಲೆಯಾಗಿ ಸೀಳಿದ್ದು, ಹೂವಿನ ಗಂಟಲ ತುಂಬ ಮೃದು ರೋಮ ಇದ್ದರೆ ಅದು ಜೆಂಟಿಯನ್ ಸಂಬಂಧಿಯೇ ಅಲ್ಲ, ಸಯನ್ಯಾಂಥಸ್ ಲೊಬೇಟಸ್. ಬೆನ್ನು ನೋಡಿದರಂತೂ ಅನುಮಾನಕ್ಕೆ ಎಡೆಯೇ ಇಲ್ಲ. ಪುಷ್ಪಪಾತ್ರೆ ಕಂಬಳಿಹುಳದ ಹಾಗೆ ಕಪ್ಪು–ಕಂದು ರೋಮಗಳಿಂದ ತುಂಬಿರುತ್ತದೆ.

ಜೆಂಟಿಯನ್ನುಗಳು ಮೋಡ ಕವಿದರೆ ಮುಚ್ಚಿಕೊಳ್ಳುತ್ತವೆ. ಆಗಸ್ಟಿನ ಮಂಜಿನಲ್ಲಿ "ಇಲ್ಲಿ ಜೆಂಟಿಯನ್ ಇಲ್ಲವೇ ಇಲ್ಲ" ಎಂದು ಬರೆದುಕೊಂಡು ಬಂದ ದಾರಿಯಲ್ಲೇ ಬಿಸಿಲು ಬಿದ್ದೊಡನೆ ನೆಲ ನೀಲಿಯಾಗುವುದುಂಟು. ಮುಚ್ಚಿದ ಹೂವು ಬಳಪದ ತುಂಡಿನಂತೆ ನೆಟ್ಟಗೆ ನಿಂತಿರುತ್ತದೆ, ಹಾಗೆಂದು ಹುಡುಕಿ.

ಅಗಲ ಮುಖದ ನೇರಳೆ–ನೀಲಿ ಜೆರೇನಿಯಮ್‌ಗಳಿಗೆ ಒಂದೇ ಮಾತು: ಎಲೆತೊಟ್ಟಿನ ಬುಡದ ಕಿವಿಗಳನ್ನು ನೋಡಿ. ಎರಡೂ ಕೂಡಿಕೊಂಡು ಅಗಲವಾದ ಮೊಟ್ಟೆಯಾಕಾರದ ಎಲೆಯಂತಾಗಿದ್ದರೆ ಜೆರೇನಿಯಮ್ ವಾಲಿಚಿಯಾನಮ್. ಸಣ್ಣ ಮೊನಚು ಪಟ್ಟಿಗಳಾಗಿದ್ದರೆ ಬೇರೆ ಯಾವುದೋ.

ಕರ್ಣಕುಂಡಲದ ಎರಡು ಅಕ್ಕಂದಿರು

ಮಲೆನಾಡಿನ ಮಳೆಗಾಲ ಕಂಡವರಿಗೆ ಕರ್ಣಕುಂಡಲ, ಅಂದರೆ ಇಂಪೇಶಿಯನ್ಸ್ ಜಾತಿ ಹೊಸತಲ್ಲ. ನಮ್ಮಲ್ಲಿ ಬಂಡೆಗೆ ಅಂಟಿದ ಗೇಣುದ್ದದವು, ಅಲ್ಲಿ ಆಳೆತ್ತರದವು. ಹೂಕಣಿವೆಯನ್ನು ಆಗಸ್ಟ್ ಕೊನೆಗೆ ಗುಲಾಬಿ ಮಾಡುವುದು ಇಂಪೇಶಿಯನ್ಸ್ ಸಲ್ಕೇಟಾ. ಅದನ್ನು ಹೆಚ್ಚಿನವರು ಇಂಪೇಶಿಯನ್ಸ್ ಗ್ಲ್ಯಾಂಡ್ಯುಲಿಫೆರಾ ಎಂದು ಬರೆದುಬಿಡುತ್ತಾರೆ. ಕಾರಣ ಸರಳ: ಎರಡನೆಯದನ್ನು 1839ರಲ್ಲಿ ಬ್ರಿಟನ್ನಿಗೆ ಒಯ್ದರು, ಅಲ್ಲಿ ಅದು ಹೊಳೆದಂಡೆಗಳನ್ನೆಲ್ಲ ನುಂಗಿ ಕುಖ್ಯಾತವಾಯಿತು, ಹಾಗಾಗಿ ಅಂತರ್ಜಾಲದಲ್ಲಿ ಅದರದೇ ಫೋಟೊಗಳು ಹೆಚ್ಚು. ಎರಡೂ ಗುಲಾಬಿ, ಎರಡೂ ಎರಡು ಮೀಟರ್‌ವರೆಗೆ ಬೆಳೆಯುತ್ತವೆ. ಹೂವಿನಿಂದ ಬೇರೆ ಮಾಡಲು ಹೋಗಿ ಸುಸ್ತಾಗಬೇಡಿ, ಕಾಯಿ ನೋಡಿ. ಸಲ್ಕೇಟಾದ ಕಾಯಿ ಸಪೂರ, ಉದ್ದ, ಎಳೆಯ ಹೆಸರುಕಾಯಿಯ ಹಾಗೆ. ಗ್ಲ್ಯಾಂಡ್ಯುಲಿಫೆರಾದ ಕಾಯಿ ಗಿಡ್ಡ, ತುದಿಯ ಕಡೆಗೆ ಗದೆಯಂತೆ ದಪ್ಪ. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಚೆಲ್ಲಿ ಕೈಯಲ್ಲಿ ಸುರುಳಿ ಮಾತ್ರ ಉಳಿಯುತ್ತದೆ, ಅದಕ್ಕೆ ಮುಟ್ಟುವ ಮೊದಲೇ ಫೋಟೊ ತೆಗೆಯಿರಿ.

ಬ್ರಹ್ಮಕಮಲ ಎಂಬ ಹೆಸರಿನ ತೊಡಕು

ಬೆಂಗಳೂರು, ಮೈಸೂರಿನ ಮನೆಗಳ ಕುಂಡದಲ್ಲಿ ರಾತ್ರಿ ಅರಳಿ ಬೆಳಗ್ಗೆ ಬಾಡುವ, ನೆರೆಹೊರೆಯವರನ್ನು ಕರೆದು ತೋರಿಸುವ ಬ್ರಹ್ಮಕಮಲ ಎಪಿಫಿಲ್ಲಮ್ ಆಕ್ಸಿಪೆಟಾಲಮ್. ಅದು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಕಳ್ಳಿ. ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಸಾಸ್ಸುರಿಯಾ ಆಬ್ವಲಾಟಾ, ಸೂರ್ಯಕಾಂತಿ ಕುಟುಂಬದ್ದು. ಇವೆರಡಕ್ಕೂ ಸಂಬಂಧವಿಲ್ಲ, ಕಮಲಕ್ಕಂತೂ ಮೊದಲೇ ಇಲ್ಲ. ಮನೆಯ ಹೂವನ್ನು ನೆನಪಿನಲ್ಲಿಟ್ಟುಕೊಂಡು ಹೇಮಕುಂಡ ಹತ್ತಿದವರು ಎದುರಿಗೇ ಇದ್ದ ಗಿಡವನ್ನು ಎಲೆಕೋಸೆಂದು ದಾಟಿ ಹೋಗುತ್ತಾರೆ.

ಹುಡುಕಬೇಕಾದದ್ದು ಹೀಗೆ: ಸುಮಾರು 3,700 ಮೀಟರ್ ದಾಟಿದ ಕಲ್ಲಿನ ಇಳಿಜಾರು, ಮೊಣಕಾಲಿಗಿಂತ ಗಿಡ್ಡ ಗಿಡ, ತುದಿಯಲ್ಲಿ ಬೆಣ್ಣೆಕಾಗದದಂಥ ಅರೆಪಾರದರ್ಶಕ ತಿಳಿಹಳದಿ ಹಾಳೆಗಳ ದೋಣಿ. ಎಸಳೆಂದು ಕಾಣುವ ಆ ಹಾಳೆಗಳು ಎಲೆಯ ರೂಪಾಂತರ. ನಿಜವಾದ ಹೂಗಳು ಒಳಗೆ, ನೇರಳೆ ಬಣ್ಣದ ಪುಟ್ಟ ಗುಂಡುಗಳಾಗಿ ಅಡಗಿರುತ್ತವೆ. ಹಾಳೆಯಿಲ್ಲದೆ ಇಡೀ ಗಿಡ ಅರಳೆಯ ಉಂಡೆಯಂತಿದ್ದರೆ ಅದು ಇನ್ನೂ ಮೇಲೆ ಬೆಳೆಯುವ ಸಾಸ್ಸುರಿಯಾ ಗಾಸಿಪಿಫೊರಾ ಅಥವಾ ಅದರ ಹತ್ತಿರದ ನೆಂಟ. ಫೇನ್ ಕಮಲ್, ಕಸ್ತೂರಿ ಕಮಲ್ ಎಂಬ ಹೆಸರುಗಳು ಊರಿಂದೂರಿಗೆ ಅದಲುಬದಲಾಗುವುದರಿಂದ ಮಾರ್ಗದರ್ಶಿ ಹೇಳಿದ ಹೆಸರನ್ನು ಬರೆದುಕೊಳ್ಳಿ, ಆದರೆ ಅದರ ಮೇಲೆಯೇ ತೀರ್ಮಾನ ಮಾಡಬೇಡಿ.

ಸೂರ್ಯಕಾಂತಿ ಕುಟುಂಬದಲ್ಲೇ ಇನ್ನೆರಡು ಜೋಡಿ. ಬೂದು–ಬಿಳಿ ಒಣಹೂಗಳ ಗೊಂಚಲು ಕಂಡಾಗ ಎಲ್ಲರೂ ಎಡೆಲ್‌ವೈಸ್ ಎಂದು ಕುಣಿಯುತ್ತಾರೆ. ಪ್ರತಿ ಗುಂಡಿಗೂ ತನ್ನದೇ ಆದ ಗರಿಗರಿ ಕಾಗದದ ಬಿಳಿ ಸುತ್ತು ಇದ್ದರೆ ಅದು ಅನಾಫಲಿಸ್, ಹೇರಳವಾಗಿ ಸಿಗುತ್ತದೆ. ಇಡೀ ಗೊಂಚಲಿಗೆ ಸೇರಿ ಒಂದೇ ನಕ್ಷತ್ರವಾಗಿ ಉಣ್ಣೆಯಂಥ ಎಲೆಗಳು ಹರಡಿದ್ದರೆ ಮಾತ್ರ ಎಡೆಲ್‌ವೈಸ್, ಲಿಯಾಂಟೊಪೋಡಿಯಮ್. ಬೆರಳಿನಿಂದ ಮೆಲ್ಲಗೆ ಮುಟ್ಟಿದರೂ ತಿಳಿಯುತ್ತದೆ, ಒಂದು ಸರಸರ ಎನ್ನುತ್ತದೆ, ಇನ್ನೊಂದು ಮೆತ್ತಗಿರುತ್ತದೆ. ತಿಳಿನೇರಳೆ ಸೇವಂತಿಗೆಯಂಥವುಗಳಲ್ಲಿ ಅಂಚಿನ ಎಸಳು ಎಣಿಸಲಾಗದಷ್ಟು ಒತ್ತಾಗಿ, ದಾರದಂತೆ ಸಪೂರವಾಗಿದ್ದರೆ ಎರಿಜೆರಾನ್. ಎಣಿಸುವಷ್ಟಿದ್ದು ಅಗಲವಾಗಿದ್ದರೆ ಆಸ್ಟರ್.

ಆ್ಯಪ್ ಎಷ್ಟು ನಂಬಬೇಕು

ಐನ್ಯಾಚುರಲಿಸ್ಟ್, ಪ್ಲ್ಯಾಂಟ್‌ನೆಟ್‌ನಂಥವು ಜಾತಿಯ, ಅಂದರೆ ಹೆಸರಿನ ಮೊದಲ ಪದದ ಮಟ್ಟದವರೆಗೆ ಚೆನ್ನಾಗಿ ದಾರಿ ತೋರಿಸುತ್ತವೆ. ಪ್ರಭೇದಕ್ಕೆ ಬಂದಾಗ ಯುರೋಪಿನ ಗಿಡದ ಹೆಸರು ಕೊಟ್ಟರೆ ಆಶ್ಚರ್ಯಪಡಬೇಡಿ, ಅವು ಕಲಿತ ಫೋಟೊಗಳಲ್ಲಿ ಆ ಕಡೆಯವೇ ಹೆಚ್ಚು. ಮುಖದ ಒಂದೇ ಫೋಟೊ ಹಾಕಿ ಉತ್ತರ ಕೇಳುವುದಕ್ಕಿಂತ ಬೆನ್ನು, ಎಲೆ, ಕಾಯಿ ಸೇರಿಸಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಹಾಕಿದರೆ ಗೊತ್ತಿದ್ದವರು ತಿದ್ದುತ್ತಾರೆ. ಹೆಸರು ಹೊಂದದಿದ್ದರೆ ಒಮ್ಮೆ ಹಳೆಯ ಹೆಸರು ಹುಡುಕಿ. ಕಣಿವೆಯನ್ನು ಆವರಿಸುತ್ತಿದೆ ಎಂದು ಅರಣ್ಯ ಇಲಾಖೆ ಕೀಳಿಸುತ್ತಾ ಬಂದಿರುವ ಬಿಳಿ ಹೂವಿನ ಎತ್ತರದ ಗಿಡ ಒಂದು ಕಡೆ ಪಾಲಿಗೋನಮ್, ಇನ್ನೊಂದು ಕಡೆ ಪರ್ಸಿಕೇರಿಯಾ, ಮತ್ತೊಂದು ಕಡೆ ಕೊನಿಗಿಯಾ. ಗಿಡ ಅದೇ, ಹೆಸರು ಮಾತ್ರ ಮೂರು.

ಕೊನೆಗೆ ಕೊತ್ತಂಬರಿ ಹೂವಿನಂಥ ಬಿಳಿ ಛತ್ರಿಗಳು. ಏಂಜೆಲಿಕಾ, ಹೆರಾಕ್ಲಿಯಮ್, ಸೆಲೈನಮ್, ಪ್ಲೂರೊಸ್ಪರ್ಮಮ್ ಎಲ್ಲವೂ ಅಲ್ಲಿವೆ, ಹೂವಿನಲ್ಲಿ ಬೇರೆ ಮಾಡುವುದು ಅನುಭವಿಗಳಿಗೂ ಕಷ್ಟ. ಬಲಿತ ಬೀಜದ ಏಣು, ರೆಕ್ಕೆ ನೋಡದೆ ಆಗದು. ಹೆರಾಕ್ಲಿಯಮ್‌ನ ರಸ ಚರ್ಮಕ್ಕೆ ತಗುಲಿ ಅದರ ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ಆದ್ದರಿಂದ ಈ ಗುಂಪಿನ ದಂಟನ್ನು ಬರಿಗೈಯಲ್ಲಿ ಬಗ್ಗಿಸಬೇಡಿ. ಬೀಜ ಕಾಣದಿದ್ದರೆ ಪುಸ್ತಕದಲ್ಲಿ "ಕೊತ್ತಂಬರಿ ಕುಟುಂಬ" ಎಂದಷ್ಟೇ ಬರೆದು ಮುಂದಿನ ಗಿಡಕ್ಕೆ ಹೋಗಿ.